ಕುರ್ಚಿಗೆ ಜಾಗ ಬಿಟ್ಟ ಸ್ಟೆಪ್ನಿ

ನಮ್ಮಪ್ಪನಿಗೆ ದೇವರ ಮೇಲೆ ಎಷ್ಟು ನಂಬಿಕೆಯಿತ್ತೋ ನನಗೆ ಗೊತ್ತಿಲ್ಲ, ಸ್ಟೆಪ್ನಿಯ ಮೇಲೆ ಮಾತ್ರ ಅಪಾರ ನಂಬಿಕೆಯಿತ್ತು. ತೊಂಬತ್ತರ ದಶಕದಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಇಬ್ಬರ ಕೈ ದಾಟಿದ ಫಿಯಟ್ ಕಾರೊಂದು ಚಾಮರಾಜನಗರದ ನಮ್ಮ ಮನೆಗೆ ಬಂತು. ಅಪ್ಪ ಮೊದಲು ತೆಗೆದು ನೋಡಿದ್ದು ಎಂಜಿನ್ನನ್ನಲ್ಲ, ಡಿಕ್ಕಿಯನ್ನು. ಅಲ್ಲಿ ನಿಂತಿದ್ದ ಸವೆದ ಸ್ಟೆಪ್ನಿಯನ್ನು ಕಂಡು ಮುಖ ಸಿಂಡರಿಸಿದ. ನೆಲದ ಮೇಲಿದ್ದ ನಾಲ್ಕು ಟೈರುಗಳು ಇನ್ನೂ ಒಂದಷ್ಟು ಕಾಲ ಓಡುತ್ತವೆ ಎಂದು ಬಿಟ್ಟು, ಸ್ಟೆಪ್ನಿಗೆ ಮಾತ್ರ ಹೊಸ ಟೈರು ಹಾಕಿಸಿದ. ಓಡುವ ಚಕ್ರಗಳು ಬೋಳು, ಸುಮ್ಮನೆ ನಿಂತಿರುವ ಚಕ್ರ ಹೊಚ್ಚ ಹೊಸದು. ಇಂಥ ಬುದ್ಧಿವಂತಿಕೆ ನಮ್ಮಪ್ಪನಿಗೆ ಮಾತ್ರ ಹೊಳೆಯುತ್ತಿತ್ತು.

ಇದಕ್ಕೆ ಅವನದೇ ಕಾರಣವಿತ್ತು. ಅಪ್ಪ ಸರ್ಕಾರಿ ನೌಕರ, ಕೆಲಸದ ಮೇಲೆ ಬಂಡೀಪುರದ ಕಡೆಗೆ ಓಡಾಡುತ್ತಿದ್ದ. ಒಮ್ಮೆ ಆಫೀಸಿನ ಜೀಪು ಪಂಚರ್ ಆಗಿ, ಸ್ಟೆಪ್ನಿಯಿಲ್ಲದೆ ಕಾಡಿನ ನಡುವೆ ನಿಂತಾಗ, ಆನೆಗಳು ರಸ್ತೆ ದಾಟುವವರೆಗೂ ಒಳಗೆ ಉಸಿರು ಬಿಗಿಹಿಡಿದು ಕೂತಿದ್ದನಂತೆ. ಹೇಳಿದಾಗಲೆಲ್ಲ ಆ ಆನೆಗಳ ಸಂಖ್ಯೆ ಏರುತ್ತಿತ್ತು. ನಾನು ಕಾಲೇಜಿಗೆ ಸೇರುವ ಹೊತ್ತಿಗೆ ಅದು ದೊಡ್ಡ ಹಿಂಡೇ ಆಗಿಬಿಟ್ಟಿತ್ತು. ಭಾನುವಾರ ಬಂತೆಂದರೆ ಸ್ಟೆಪ್ನಿಯನ್ನು ಡಿಕ್ಕಿಯಿಂದ ಇಳಿಸಿ, ಒರೆಸಿ, ಜಾಕಿನ ರಾಡಿನಿಂದ ಬಡಿದು, ಅದರ ಸದ್ದು ಕೇಳಿ ತಲೆಯಾಡಿಸುತ್ತಿದ್ದ. ಆಯುಧಪೂಜೆಯಲ್ಲಿ ಮೊದಲ ವಿಭೂತಿ ಪಟ್ಟೆ ಬೀಳುತ್ತಿದ್ದುದೂ ಅದಕ್ಕೇ. ಅಮ್ಮ ಅದನ್ನು ಅಪ್ಪನ ಇನ್ನೊಂದು ಸಂಸಾರ ಎಂದು ರೇಗಿಸುತ್ತಿದ್ದಳು.

ಆ ಸಂಸಾರಕ್ಕೆ ಕಲ್ಲು ಬಿದ್ದದ್ದು ಅಜ್ಜಿಯ ಕುರ್ಚಿಯಿಂದ.

ಅಜ್ಜಿ ಎಂದರೆ ಅಪ್ಪನ ತಾಯಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವಳಿಗೆ ನಡೆಯಲಾಗುತ್ತಿರಲಿಲ್ಲ. ನೆಲದ ಮೇಲೆ ಕೂರಲೂ ಆಗುತ್ತಿರಲಿಲ್ಲ, ಬೇರೆ ಕುರ್ಚಿಗಳಲ್ಲಿ ಕೂತರೆ ನೋವಿನಿಂದ ಹಲ್ಲು ಕಚ್ಚುತ್ತಿದ್ದಳು. ಕೊನೆಗೆ ಬಡಗಿಯೊಬ್ಬ ಅವಳ ಅಳತೆಗೆ ತಕ್ಕಂತೆ ಎತ್ತರದ ಕೈಕುರ್ಚಿಯೊಂದನ್ನು ಮಾಡಿಕೊಟ್ಟ. ಆ ಕುರ್ಚಿಯಲ್ಲಿ ಕೂತರೆ ಅಜ್ಜಿ ಮೊದಲಿನ ಅಜ್ಜಿಯೇ. ಬೀದಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸುವುದು, ಸೊಪ್ಪಿನವಳ ಜೊತೆ ಜಗಳ, ನನ್ನ ಜಡೆಯ ಬಗ್ಗೆ ಟೀಕೆ, ಎಲ್ಲವೂ ಅಲ್ಲಿಂದಲೇ ನಡೆಯುತ್ತಿತ್ತು.

ಅವಳಿಗೆ ಒಂದೇ ಒಂದು ಆಸೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಒಮ್ಮೆ ಹೋಗಬೇಕು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳಿಗೆ ಕೊಳಲು ಹಿಡಿದ ದೇವರ ಹಂಬಲ ಯಾಕಜ್ಜಿ ಎಂದು ನಾನು ಛೇಡಿಸಿದರೆ, ದೇವರು ನೆಪ ಎಂದು ಅವಳೇ ಒಪ್ಪಿಕೊಳ್ಳುತ್ತಿದ್ದಳು. ಅವಳ ತವರೂರು ಆ ಬೆಟ್ಟದ ಬುಡದಲ್ಲಿ. ಅಣ್ಣತಮ್ಮಂದಿರು ಜಮೀನು ಮಾರಿ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು, ಅಲ್ಲಿ ಅವಳ ಮನೆ ಎಂಬುದು ಇರಲಿಲ್ಲ. ಹಾಗಿದ್ದರೆ ಊರಿಗೇ ಹೋಗಿ ಬರೋಣ ಎಂದರೆ ಅಜ್ಜಿಯ ಮುಖ ಬಿಗಿದುಕೊಳ್ಳುತ್ತಿತ್ತು. ಕರೆಯುವವರಿಲ್ಲದ ತವರಿಗೆ ಹೆಣ್ಣುಮಗಳು ತಾನಾಗಿ ಕಾಲಿಡಬಾರದು ಎಂಬುದು ಅವಳ ಹಟ. ಬೆಟ್ಟದ ತುದಿಯಿಂದ ನೋಡುವುದಕ್ಕೆ ಯಾರೂ ಕರೆಯಬೇಕಾಗಿಲ್ಲ. ಕೆರೆ, ಏರಿ, ಏರಿಯ ಮೇಲಿನ ಹುಣಸೆಮರ, ಇಷ್ಟನ್ನು ಮೇಲಿಂದ ಕಣ್ತುಂಬ ನೋಡಿ ಬಂದರೆ ಸಾಕು ಎನ್ನುತ್ತಿದ್ದಳು.

ಕಾರು ಬಂದದ್ದೇ ಈ ಆಸೆಗೆ ರೆಕ್ಕೆ ಮೂಡಿತು. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಗೆ ಒರಗಿ, ಕಾಲು ಚಾಚಿ ಅಜ್ಜಿ ಪ್ರಯಾಣ ಮಾಡಬಲ್ಲಳು. ಮೇಲೆ ಹೋದ ಮೇಲೆ ಕುರ್ಚಿ ಬೇಕೇ ಬೇಕು. ಅಪ್ಪ, ಚಿಕ್ಕಪ್ಪ ಇಬ್ಬರೂ ಸೇರಿ ಅವಳನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋಗಬಹುದು. ಸರಿ, ಡಿಕ್ಕಿಯಲ್ಲಿ ಕುರ್ಚಿ ಇಟ್ಟು ನೋಡಿದರು. ನೆಟ್ಟಗಿಟ್ಟರು, ಅಡ್ಡ ಇಟ್ಟರು, ತಲೆಕೆಳಗೆ ಮಾಡಿ ಇಟ್ಟರು. ಒಂದು ಮಗ್ಗುಲಲ್ಲಿ ದೊಡ್ಡ ಮನುಷ್ಯನ ಹಾಗೆ ಸ್ಟೆಪ್ನಿ ನಿಂತಿತ್ತು, ಕುರ್ಚಿಗೆ ಜಾಗವಿಲ್ಲ. ಸ್ಟೆಪ್ನಿ ತೆಗೆದರೆ ಕುರ್ಚಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತಿತ್ತು. ಒಂದೇ ಒಂದು ದಿನಕ್ಕೆ ಅದನ್ನು ಮನೆಯಲ್ಲಿ ಬಿಡಿ ಎಂದು ಅಮ್ಮ ಹೇಳಿದ್ದಕ್ಕೆ, ಅಪ್ಪ ಅವಳನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ಕಾಡಂಚಿನ ರಸ್ತೆಗೆ ಸ್ಟೆಪ್ನಿಯಿಲ್ಲದೆ ಹೊರಡು ಎಂದವರು ಅವನ ಪಾಲಿಗೆ ಹೆಂಡತಿಯಾದರೂ ಒಂದೇ, ಆನೆಯಾದರೂ ಒಂದೇ.

ಕುರ್ಚಿಯನ್ನು ಕಾರಿನ ನೆತ್ತಿಯ ಕ್ಯಾರಿಯರಿಗೆ ಕಟ್ಟೋಣ ಎಂದ ಚಿಕ್ಕಪ್ಪ. ಕಟ್ಟಿಯೂ ಬಿಟ್ಟ, ಹಗ್ಗ ಬಿಗಿಯಾಯಿತೇ ಎಂದು ಅಲ್ಲಾಡಿಸಿ ನೋಡುತ್ತಿದ್ದ. ಅಷ್ಟರಲ್ಲಿ ಎದುರು ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ಓಡಿ ಬಂದಳು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಕೂರಿಸಿಯೇ ಕರೆದುಕೊಂಡು ಹೋಗುತ್ತಾರೆ, ಮಣ್ಣಲ್ಲಿಯೂ ಕೂರಿಸಿಯೇ ಇಡುತ್ತಾರೆ. ಕಾರಿನ ಮೇಲೆ ಅಜ್ಜಿಯ ಕುರ್ಚಿ, ಬಾಗಿಲಲ್ಲಿ ಅಜ್ಜಿ ಇಲ್ಲ. ಆಕೆ ಇನ್ನೇನು ತಾನೇ ತಿಳಿದಾಳು? ಅವಳ ಅಳು ಕೇಳಿ ಅಜ್ಜಿ ಒಳಗಿನ ಮಂಚದಿಂದಲೇ, "ಯಾರಮ್ಮಿ ಓಗ್ಬುಟ್ಟೋರು?" ಎಂದು ವಿಚಾರಿಸಿದಳು. ಎದುರು ಮನೆಯಾಕೆ ಅಳುವುದೋ ನಗುವುದೋ ತಿಳಿಯದೆ ಹೊಸ್ತಿಲ ಮೇಲೇ ಕುಕ್ಕರಿಸಿದಳು. ಕುರ್ಚಿ ಕೆಳಗಿಳಿಯಿತು. ಮತ್ತೆ ಅದನ್ನು ಮೇಲೆ ಕಟ್ಟುವ ಮಾತನ್ನು ಯಾರೂ ಎತ್ತಲಿಲ್ಲ.

ಗುಂಡ್ಲುಪೇಟೆಯಲ್ಲಿ ಅಪ್ಪನಿಗೆ ಪರಿಚಯದ ಪಂಚರ್ ಅಂಗಡಿಯೊಂದಿತ್ತು. ಅಂಗಡಿಯವನು ಗಡಿಯಾಚೆ ಕೇರಳದ ಬತ್ತೇರಿಯ ಕಡೆಯಿಂದ ಬಂದವನು, ಎಲ್ಲರಿಗೂ ಕಾಕಾ. ಅಪ್ಪ ಈ ತಾಪತ್ರಯ ಹೇಳಿಕೊಂಡಾಗ ಕಾಕಾ ಒಳಗಿನಿಂದ ಒಂದು ಚಕ್ರ ಉರುಳಿಸಿಕೊಂಡು ಬಂದನಂತೆ. ಯಾರೋ ಗಲ್ಫಿನಿಂದ ತಂದಿದ್ದ ವಿದೇಶಿ ಕಾರಿನದು. ಆ ದೇಶಗಳಲ್ಲಿ ಡಿಕ್ಕಿಯ ಜಾಗ ಉಳಿಸುವುದಕ್ಕೆಂದೇ ಇಂಥ ಸಣಕಲು ಸ್ಟೆಪ್ನಿ ಕೊಡುತ್ತಾರೆ, ಪಂಚರ್ ಆದರೆ ಇದನ್ನು ಹಾಕಿಕೊಂಡು ನಿಧಾನವಾಗಿ ಹತ್ತಿರದ ಅಂಗಡಿ ತಲುಪಬೇಕು, ಅಷ್ಟಕ್ಕೆ ಮಾತ್ರ ಇದು ಎಂದು ಕಾಕಾ ವಿವರಿಸಿದ. ಬೋಲ್ಟಿನ ತೂತುಗಳನ್ನು ನಮ್ಮ ಕಾರಿಗೆ ಹೊಂದುವ ಹಾಗೆ ಲೇತ್ ಅಂಗಡಿಯಲ್ಲಿ ಮಾಡಿಸಿಯೂ ಕೊಟ್ಟ. ಅಪ್ಪ ಅದನ್ನು ತಂದು ಅಂಗಳದಲ್ಲಿ ಹೊಸ ಸ್ಟೆಪ್ನಿಯ ಪಕ್ಕ ಒರಗಿಸಿದ. ಒಂದು ಉಂಡು ಬೆಳೆದದ್ದು, ಇನ್ನೊಂದು ಉಪವಾಸ ಬಿದ್ದದ್ದು. ಸಣಕಲನ್ನು ಡಿಕ್ಕಿಯಲ್ಲಿಟ್ಟರೆ ಮಾತ್ರ ಕುರ್ಚಿ ಒಂದು ಚೂರೂ ತಕರಾರಿಲ್ಲದೆ ಒಳಗೆ ಹೋಗುತ್ತಿತ್ತು.

ಅಪ್ಪ ಪರೀಕ್ಷೆ ಮಾಡದೆ ಏನನ್ನೂ ಒಪ್ಪುವವನಲ್ಲ. ಒಂದು ಭಾನುವಾರ ಸಣಕಲನ್ನು ಹಿಂದಿನ ಚಕ್ರಕ್ಕೆ ಹಾಕಿ ನನ್ನನ್ನೂ ಕೂರಿಸಿಕೊಂಡು ಉಡಿಗಾಲದ ಕಡೆಗೆ ಹೊರಟ. ಕಾರು ಒಂದು ಕಡೆಗೆ ವಾಲಿಕೊಂಡು, ಕಾಲು ಉಳುಕಿದ ಎಮ್ಮೆಯ ಹಾಗೆ ಹೋಗುತ್ತಿತ್ತು. ಹುಲ್ಲಿನ ಹೊರೆ ಕಟ್ಟಿಕೊಂಡ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕ. ನನಗೂ ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ. ಮನೆಗೆ ಬಂದವನೇ, ಇದನ್ನು ನಂಬಿ ಮನೆಮಂದಿಯನ್ನೆಲ್ಲ ಬೆಟ್ಟಕ್ಕೆ ಕರೆದುಕೊಂಡು ಹೋಗುವುದು ಆಗದ ಮಾತು ಎಂದುಬಿಟ್ಟ. ನನಗೆ ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ದಿನ ಅವನಿಗೆ ಕಾಫಿ ಕೊಂಡೊಯ್ದು ಕೊಡಲಿಲ್ಲ. ಬಾಗಿಲಲ್ಲಿದ್ದ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೊಪ್ಪಿನವಳು ಬಂದರೂ ಜಗಳಕ್ಕೆ ಹೋಗಲಿಲ್ಲ.

ಎರಡು ದಿನ ಬಿಟ್ಟು, ಸಂಜೆ, ಅಮ್ಮ ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಪ್ಪ ಆಫೀಸಿನಿಂದ ಬಂದು ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದ, ಅವನು ಬಂದದ್ದು ಒಳಗಿನವರಿಗೆ ಗೊತ್ತಿರಲಿಲ್ಲ. ಅಜ್ಜಿ ಅಮ್ಮನಿಗೆ ಹೇಳುತ್ತಿದ್ದಳು.

"ಅವನ್ನ ಬಯ್ಬೇಡ ಕಣಮ್ಮಿ. ಅವನಿಗೆ ಎದ್ರಿಕೆ, ಮಕ್ಕಳೊಂದಿಗ ಅಲ್ವಾ. ಚಿಕ್ಕೋನಾಗಿದ್ದಾಗ ಅವನಿಗೆ ಜರ ಬಂದು ಬುಡ್ಲೇ ಇಲ್ಲ. ಆ ಬೆಟ್ಟಕ್ಕೆ ಅರಕೆ ಕಟ್ಕಂಡು, ಬುಡದಿಂದ ತುದಿಗಂಟ ಸೊಂಟದ ಮ್ಯಾಲೆ ಒತ್ಕಂಡು ಬೆಟ್ಟ ಅತ್ತಿದ್ದೆ. ಒಂದು ಕಡೆನೂ ಇಳಿಸ್ನಿಲ್ಲ. ಈಗ ಆ ಸೊಂಟವೇ ಇಲ್ಲ, ಇನ್ನೆಲ್ಲಿ ಬೆಟ್ಟ, ಬುಡು."

ಅವಳ ದನಿಯಲ್ಲಿ ದೂರಿರಲಿಲ್ಲ. ಇದ್ದದ್ದನ್ನು ಹೇಳಿದಂತಿತ್ತು, ಅಷ್ಟೇ. ಅಪ್ಪ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಬೀದಿಗಿಳಿದ. ಮಾರನೆಯ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಅವನು ಹೊಸ ಸ್ಟೆಪ್ನಿಯನ್ನು ಡಿಕ್ಕಿಯಿಂದ ಇಳಿಸಿ, ಹಿತ್ತಲಿನ ಸೌದೆ ಕೊಟ್ಟಿಗೆಗೆ ಉರುಳಿಸಿಕೊಂಡು ಹೋಗುವುದನ್ನು ಕಂಡೆ. ಅದರ ಮೇಲೆ ಗೋಣಿಚೀಲ ಹೊದಿಸಿ, ಒಮ್ಮೆ ಕೈಯಿಂದ ತಟ್ಟಿದ. ನಂತರ ಸಣಕಲನ್ನು ತಂದು ಡಿಕ್ಕಿಯಲ್ಲಿಟ್ಟ.

ಶ್ರಾವಣದ ಜನಜಂಗುಳಿ ಮುಗಿದ ಮೇಲೆ ಒಂದು ದಿನ ಬೆಳಗಾಗುತ್ತಲೇ ಹೊರಟೆವು. ಅಜ್ಜಿ ಬಿಳಿ ಸೀರೆಯುಟ್ಟು, ಹಣೆತುಂಬ ವಿಭೂತಿ ಧರಿಸಿ, ಮದುವೆಗೆ ಹೊರಟವರ ಹಾಗೆ ಕೂತಿದ್ದಳು. ಗುಂಡ್ಲುಪೇಟೆಯಲ್ಲಿ ದೇವರಿಗೆಂದು ದೊಡ್ಡದೊಂದು ಹೂವಿನ ಹಾರ ಕೊಂಡೆವು. ಊಟಿ ರಸ್ತೆ ಬಿಟ್ಟು ಬೆಟ್ಟದ ದಾರಿಗೆ ತಿರುಗಿದರೆ ಎರಡೂ ಕಡೆ ಚೆಂಡು ಹೂವಿನ ಹೊಲಗಳು, ಕಣ್ಣು ಹಾಯುವಷ್ಟು ದೂರ ಹಳದಿ. ಬೆಟ್ಟ ಮಾತ್ರ ಕಾಣುತ್ತಿರಲಿಲ್ಲ. ಅದರ ಸೊಂಟದಿಂದ ಮೇಲೆ ಬರೀ ಮಂಜು. ಅಜ್ಜಿ ಕಿಟಕಿಗೆ ಮುಖ ಕೊಟ್ಟು, ಬಿಸಿಲೇರಿದರೆ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅಲ್ಲಿಯೇ ಹಿಂದಿನ ಟೈರು ಉಸ್ಸೆಂದಿತು. ಇಳಿದು ನೋಡಿದರೆ ಎತ್ತಿನ ಲಾಳದ ಮೊಳೆ, ಬೋಳು ಟೈರಿನಲ್ಲಿ ತಲೆಯವರೆಗೂ ಹೊಕ್ಕಿತ್ತು.

ಅಪ್ಪ ರಸ್ತೆ ಬದಿಯ ಆಲದ ಮರದ ಕೆಳಗೆ ಕುರ್ಚಿ ಇಳಿಸಿ, ಅಜ್ಜಿಯನ್ನು ಅದರಲ್ಲಿ ಕೂರಿಸಿ, ಜಾಕ್ ಕೊಟ್ಟು ಸಣಕಲನ್ನು ಹಾಕಿದ. ಇದರಲ್ಲೇ ಮೆಲ್ಲಗೆ ಬೆಟ್ಟ ಹತ್ತಿಬಿಡೋಣ, ಏನಾಗಲ್ಲ ಎಂದ ಚಿಕ್ಕಪ್ಪ. ಅಪ್ಪ ಆ ಬಡಕಲು ಚಕ್ರವನ್ನು ನೋಡಿದ, ಮಂಜಿನೊಳಗೆ ಹೋಗುವ ತಿರುವುಗಳ ಕಡೆ ನೋಡಿದ. ಹತ್ತಿದರೂ ಇಳಿಯುವುದು ಹೇಗೆ? ದೊಡ್ಡ ಸ್ಟೆಪ್ನಿ ಇದ್ದಿದ್ದರೆ ಆಗಲೇ ಮೇಲಿರುತ್ತಿದ್ದೆವು, ಆದರೆ ಕುರ್ಚಿಯಿಲ್ಲದೆ. ಅವನು ಅಜ್ಜಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಆಗಕಿಲ್ಲ ಕಣವ್ವ, ವಾಪಸ್ ಓಗನ" ಎಂದ. ಆಫೀಸಿನಲ್ಲಿ ಅಷ್ಟು ಶುದ್ಧವಾಗಿ ಮಾತಾಡುವ ಅಪ್ಪ ತಾಯಿಯ ಮುಂದೆ ಮಾತ್ರ ಹಳ್ಳಿಯ ಹುಡುಗನಾಗುತ್ತಿದ್ದ.

ಅಜ್ಜಿ ಹಟ ಮಾಡಲಿಲ್ಲ, ಅಳಲಿಲ್ಲ. ಕಾರಿನಲ್ಲಿ ಭಾರ ಕಡಿಮೆಯಿದ್ದರೆ ಒಳ್ಳೆಯದಲ್ಲವೇ ಎಂದು ಕೇಳಿದಳು. ಒಬ್ಬನೇ ಗುಂಡ್ಲುಪೇಟೆಗೆ ಹೋಗಿ ಪಂಚರ್ ಹಾಕಿಸಿಕೊಂಡು ಬಾ, ನಾವು ಇಲ್ಲೇ ಇರುತ್ತೇವೆ ಎಂದಳು. ಅಪ್ಪ ಆನೆಯ ಮಾತೆತ್ತಿದ. ತಾನು ಇದೇ ಬಯಲಲ್ಲಿ ಕರು ಕಾಯ್ದವಳು, ಹಗಲು ಹೊತ್ತಲ್ಲಿ ಯಾವ ಆನೆಯೂ ಬಂದು ತನ್ನನ್ನು ಹೊತ್ತುಕೊಂಡು ಹೋಗುವುದಿಲ್ಲ ಎಂದು ಅವಳು ಅವನನ್ನು ಕಳಿಸಿಯೇ ಬಿಟ್ಟಳು. ಕಾರು ವಾಲಾಡುತ್ತಾ ತಿರುವಿನಲ್ಲಿ ಮರೆಯಾಯಿತು.

ಹಾರ ನಲುಗದಿರಲಿ ಎಂದು ಅಮ್ಮ ಅದನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದಳು. ಅದು ಅಜ್ಜಿಯ ಎರಡೂ ಭುಜದ ಪಕ್ಕ ಇಳಿಬಿದ್ದಿತ್ತು. ತಣ್ಣನೆಯ ಗಾಳಿಗೆ ಅಜ್ಜಿಗೆ ಜೊಂಪು ಹತ್ತಿತು. ಅಮ್ಮ ತಲೆಯ ಮೇಲೆ ಸೆರಗು ಹೊದ್ದು ಕುರ್ಚಿಯ ಕಾಲ ಬಳಿ ಕೂತಿದ್ದಳು, ನಾನು ಮಂಡಿಯೊಳಗೆ ತಲೆಯಿಟ್ಟಿದ್ದೆ, ಚಿಕ್ಕಪ್ಪ ಮುಖಕ್ಕೆ ಟವೆಲ್ ಮುಚ್ಚಿ ಮಲಗಿದ್ದ. ಹೂವಿನ ಹೊಲದಿಂದ ಕುಕ್ಕೆ ಹೊತ್ತು ಬರುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ನಮ್ಮನ್ನು ನೋಡಿ ಹಾಗೇ ನಿಂತಳು. ಕುಕ್ಕೆ ಇಳಿಸಿ, ಬೊಗಸೆ ತುಂಬ ಚೆಂಡು ಹೂವು ತಂದು ಅಜ್ಜಿಯ ಪಾದದ ಮೇಲೆ ಹಾಕಿ, ನಮಸ್ಕರಿಸಿ, ಕಣ್ಣೊರೆಸಿಕೊಂಡು ಅಮ್ಮನನ್ನು ಕೇಳಿದಳು, "ಯಾವೂರ್ಗೆ ಕರ್ಕಂಡೋಯ್ತಿದ್ದೀರವ್ವ? ಯಾವಾಗ ಓದ್ರು?"

ಅಮ್ಮ ಬಾಯಿ ತೆರೆಯುವ ಮೊದಲೇ ಅಜ್ಜಿ ಕಣ್ಣು ಬಿಟ್ಟು, "ಇನ್ನೂ ಓಗಿಲ್ಲ ಕಣಮ್ಮಿ, ಪಂಚರ್ ಆಗ್ಯದೆ. ನೀ ಯಾರ ಮನೆಯವಳು?" ಎಂದಳು.

ಆ ಹೆಂಗಸು ಕಿರುಚಿಕೊಂಡ ಸದ್ದಿಗೆ ಚಿಕ್ಕಪ್ಪ ಎದ್ದು ಕೂತ. ಗಾಬರಿ ಇಳಿದ ಮೇಲೆ ಅವಳು ನಕ್ಕಳು, ನಾವೂ ನಕ್ಕೆವು, ಅಜ್ಜಿ ಎಲ್ಲರಿಗಿಂತ ಹೆಚ್ಚು ನಕ್ಕಳು. ಅವಳು ಏರಿಯ ಪಕ್ಕದ ಮನೆಯ ಸೊಸೆ ಎಂದು ತಿಳಿದದ್ದೇ ಅಜ್ಜಿಯ ನಗು ನಿಂತಿತು. ಆ ಮನೆಯ ಮಗಳು, ತನ್ನ ಬಾಲ್ಯದ ಗೆಳತಿ, ಮನೆಅಳಿಯನಾಗಿ ಬಂದ ಸೋದರಮಾವನನ್ನು ಮದುವೆಯಾಗಿ ಅಲ್ಲೇ ಉಳಿದಿದ್ದಳು, ಇದ್ದಾಳೆಯೇ ಎಂದು ಮೆಲ್ಲಗೆ ಕೇಳಿದಳು. ಇದ್ದಾಳೆ, ಅವಳೇ ನಮ್ಮತ್ತೆ ಎಂದಳು ಆ ಹೆಂಗಸು. ಕುಕ್ಕೆಯನ್ನು ಅಲ್ಲೇ ಬಿಟ್ಟು ಊರ ಕಡೆಗೆ ಓಡಿದಳು.

ಸ್ವಲ್ಪ ಹೊತ್ತಿಗೆ ಹೊಲದ ಬದುವಿನ ಮೇಲೆ ಕೋಲೂರಿಕೊಂಡು, ಸೊಸೆಯ ಭುಜ ಹಿಡಿದು, ಬಾಗಿದ ಮುದುಕಿಯೊಬ್ಬಳು ಬಂದಳು. ಅವಳ ಹಿಂದೆ ನಾಲ್ಕಾರು ಜನ. ಕುರ್ಚಿಯ ಮುಂದೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಅಜ್ಜಿಯನ್ನು ನೋಡಿದಳು.

"ಏನಮ್ಮಿ," ಎಂದಳು, "ಇಷ್ಟ್ ದಿವ್ಸ ಎಲ್ಲೋಗಿದ್ದೆ?"

ಅಜ್ಜಿಯನ್ನು ಚಿಕ್ಕ ಹುಡುಗಿಯ ಹಾಗೆ 'ಅಮ್ಮಿ' ಎಂದು ಕರೆಯುವವರು ಭೂಮಿಯ ಮೇಲೆ ಇನ್ನೂ ಒಬ್ಬರಿದ್ದಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಅಜ್ಜಿ ಕೈ ಚಾಚಿ ಗೆಳತಿಯ ಮೊಳಕೈ ಹಿಡಿದುಕೊಂಡಳು. ಗೆಳತಿ, "ರೋಡಲ್ಲಿ ಯಾಕ್ ಕೂತಿದ್ದೀಯೆ, ಮನೆಗ್ ಬಾ" ಎಂದಳು. ಅಜ್ಜಿ ಅಷ್ಟು ವರ್ಷ ಕಾದದ್ದು ಆ ಎರಡು ಪದಕ್ಕೆ. ಕರೆಯುವವರು ಸಿಕ್ಕಿದ್ದರು.

ಊರಿನ ಗಂಡಸರು ಕುರ್ಚಿಗೆ ಹೆಗಲು ಕೊಟ್ಟರು. ಹಿಂದೆ ಹಾರ, ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಚೆಂಡು ಹೂವು. ಹಾಗೆ ಅಜ್ಜಿ ತನ್ನ ತವರನ್ನು ಹೊಕ್ಕಳು. ಬೀದಿಯಲ್ಲಿ ಎದುರಾದವರು ಕೈಮುಗಿಯಲು ಹೋಗಿ, ಅವಳು ನಗುವುದನ್ನು ಕಂಡು ಹೌಹಾರುತ್ತಿದ್ದರು. ಕೆರೆ ಅರ್ಧ ತುಂಬಿತ್ತು, ಏರಿಯ ಹುಣಸೆಮರ ಇತ್ತು. ಅವಳ ಮನೆಯಿದ್ದ ಜಾಗದಲ್ಲಿ ಯಾರದೋ ದನದ ಕೊಟ್ಟಿಗೆ. ಅಲ್ಲಿ ಒಂದು ಗಳಿಗೆ ನಿಲ್ಲಿಸಿ ಎಂದಳು, ನೋಡಿದಳು, ನಡೀರಿ ಎಂದಳು.

ಗೆಳತಿಯ ಮನೆಯಲ್ಲಿ ಕಾಫಿಯಾದ ಮೇಲೆ ಆ ಮುದುಕಿ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು ತಂದಳು. ಗಂಡ ಸತ್ತವರಿಗೆ ಮಡಿಲು ತುಂಬುವ ಪದ್ಧತಿ ನಮ್ಮಲ್ಲಿಲ್ಲ. ತುಂಬುವವಳೂ ಗಂಡನನ್ನು ಕಳೆದುಕೊಂಡವಳೇ. ಸೊಸೆ ತಡವರಿಸಿ ನೋಡಿದಾಗ ಅವಳು, "ಗಂಡ ಸತ್ತರೆ ತವ್ರೂ ಸಾಯ್ತದಾ?" ಎಂದು ಗದರಿ, ಅಜ್ಜಿಯ ಸೆರಗು ಬಿಡಿಸಿ ಮೂರು ಬೊಗಸೆ ಸುರಿದಳು. ಅಮ್ಮ ಗೋಡೆ ಕಡೆ ತಿರುಗಿ ನಿಂತಳು. ನಾನು ಅತ್ತುಬಿಟ್ಟೆ.

ಇತ್ತ ಅಪ್ಪ ರಿಪೇರಿಯಾದ ಟೈರು ಹಾಕಿಕೊಂಡು ಬಂದು ನೋಡಿದರೆ, ಮರದ ಕೆಳಗೆ ಯಾರೂ ಇಲ್ಲ, ನೆಲದ ಮೇಲೆ ಒಂದಿಷ್ಟು ಹೂವು ಮಾತ್ರ. ಕುರಿ ಕಾಯುವವನನ್ನು ಕೇಳಿದರೆ, ಯಾವುದೋ ಅಜ್ಜಿಯನ್ನು ಹಾರ ಹಾಕಿ ಕುರ್ಚಿಯಲ್ಲಿ ಹೊತ್ತುಕೊಂಡು ಊರಿಗೆ ಹೋದರು ಎಂದನಂತೆ. ಅಪ್ಪ ಕಾರನ್ನು ಅಲ್ಲೇ ಬಿಟ್ಟು ಹೊಲಗಳ ಮೇಲೆ ಓಡಿ ಬಂದ. ಬಾಗಿಲಲ್ಲಿ ನಿಂತು, ಕೈಗೆಲ್ಲ ಗ್ರೀಸು, ಉಸಿರು ಸಿಕ್ಕದೆ ಏದುತ್ತಾ, ನಡುಮನೆಯಲ್ಲಿ ಬೆಲ್ಲ ಚೀಪುತ್ತಿದ್ದ ತಾಯಿಯನ್ನು ಕಂಡ. ಅಲ್ಲೇ ಕಂಬಕ್ಕೆ ಒರಗಿದ. ಸುಧಾರಿಸಿಕೊಂಡ ಮೇಲೆ, ಮಂಜು ಬಿಟ್ಟಿದೆ, ಬೆಟ್ಟ ನಿಚ್ಚಳವಾಗಿದೆ, ಟೈರೂ ಸರಿಯಾಗಿದೆ, ಹೊರಡೋಣ ಎಂದ.

"ಬುಡ್ಲಾ ಮಗ," ಎಂದಳು ಅಜ್ಜಿ. "ಮೇಲ್ಗಡೆಯಿಂದ ನೋಡಾದು ಇನ್ನೇನಿಲ್ಲ."

ಹಾರವನ್ನು ಬೆಟ್ಟಕ್ಕೆ ಹೋಗುವ ಜೀಪಿನವರ ಕೈಲಿ ಕಳಿಸಿದೆವು. ಸಂಜೆಯವರೆಗೆ ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ಅಮ್ಮಿ ಅಮ್ಮಿ ಎಂದು ಕರೆದುಕೊಂಡು, ಸತ್ತವರನ್ನೆಲ್ಲ ಒಂದು ಸುತ್ತು ಬೈದರು.

ಅದಾದ ಮೇಲೆ ವರ್ಷಕ್ಕೊಮ್ಮೆ ನಾವು ಆ ಊರಿಗೆ ಹೋಗುತ್ತಿದ್ದೆವು, ಡಿಕ್ಕಿಯಲ್ಲಿ ಕುರ್ಚಿ, ಅದರ ಪಕ್ಕ ಸಣಕಲು. ಓಡುವ ನಾಲ್ಕು ಚಕ್ರಗಳಿಗೆ ಅಪ್ಪ ಕೊನೆಗೂ ಹೊಸ ಟೈರು ಹಾಕಿಸಿದ್ದ. ಮೊದಲು ಗೆಳತಿ ಹೋದಳು, ಆಮೇಲೆ ಅಜ್ಜಿ. ಅಜ್ಜಿಯನ್ನು ಆ ಕುರ್ಚಿಯಲ್ಲೇ ಕೂರಿಸಿದ್ದರು. ಎದುರು ಮನೆಯಾಕೆ ಈ ಸಲ ಬಾಗಿಲಿಗೆ ಬಂದು ಬಹಳ ಹೊತ್ತು ಒಳಗೆ ಬರಲಿಲ್ಲ, ಅಜ್ಜಿ ಏನಾದರೂ ಕೇಳಿಯಾಳು ಎಂದು ಕಾಯುವವಳ ಹಾಗೆ ನಿಂತಿದ್ದಳು. ಮಣ್ಣು ಮುಗಿದ ಮೇಲೆ ಕುರ್ಚಿಯನ್ನು ಮನೆಗೆ ತರಲಿಲ್ಲ, ಮಠಕ್ಕೆ ಕೊಟ್ಟೆವು.

ಆ ದಶಕ ಮುಗಿಯುವ ಹೊತ್ತಿಗೆ ಅಪ್ಪ ಕಾರು ಮಾರಿದ. ಕೊಳ್ಳಲು ಬಂದವನು ಡಿಕ್ಕಿ ತೆಗೆದು, ಇದೇನು ಸಾರ್, ಈ ಬಡಕಲು ಚಕ್ರ, ಸರಿಯಾದ ಸ್ಟೆಪ್ನಿ ಇಲ್ಲವೇ ಎಂದು ಕೇಳಿದ. ಅಪ್ಪ ಕೊಟ್ಟಿಗೆಯಿಂದ ಹಳೆಯ ಸ್ಟೆಪ್ನಿಯನ್ನು ಉರುಳಿಸಿಕೊಂಡು ಬಂದ. ಗೋಣಿಚೀಲ ಸರಿಸಿದರೆ ಟೈರಿನ ರಬ್ಬರಿನ ಮುಳ್ಳುಗಳು ಇನ್ನೂ ಹಾಗೇ ಇದ್ದವು. ಇಷ್ಟು ಒಳ್ಳೆಯದನ್ನು ಮನೆಯಲ್ಲಿಟ್ಟು ಅದನ್ನು ಯಾಕೆ ಹೊತ್ತು ತಿರುಗುತ್ತಿದ್ದಿರಿ ಎಂದು ಆ ಮನುಷ್ಯ ಬೆರಗಾದ.

ಅಪ್ಪ ಡಿಕ್ಕಿಯಲ್ಲಿ ಸಣಕಲಿನ ಪಕ್ಕ ಖಾಲಿಯಿದ್ದ ಕಡೆ ನೋಡಿದ.

"ಅವ್ವನ ಕುರ್ಚಿಗೆ ಜಾಗ ಬೇಕಲ್ಲ," ಎಂದ.